ಜೋಡಿ ನಗರದ ನಾಳೆ, ನಿಟ್ಟುವಳ್ಳಿಯಿಂದ ನೋಡಿದಾಗ

ದಾವಣಗೆರೆ ತನ್ನ ನಾಳೆಯನ್ನು ಈಗಾಗಲೇ ಎರಡು ಸಲ ಕಟ್ಟಿ ನೋಡಿದ ಊರು.

ಮೊದಲ ಸಲ ಹತ್ತಿಯಿಂದ. ಹೈದರಾಲಿ ಜಹಗೀರಾಗಿ ಕೊಟ್ಟ ಸಣ್ಣ ಊರಿಗೆ ಅಪೋಜಿ ರಾಮ್ ಎಂಬ ಮರಾಠ ಸರದಾರ ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದ್ದರಿಂದ ಇದು ಪೇಟೆಯಾಯಿತು. ರೈಲು ಬಂದ ಮೇಲೆ ಮಂಡಿ ಬೆಳೆಯಿತು. 1930ರ ದಶಕದಿಂದ ಒಂದರ ಹಿಂದೊಂದು ಮಿಲ್ಲು ಎದ್ದು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರೂ ಬಂತು. ಆ ಕಾಲದವರಿಗೆ ಚಿಮಣಿಯ ಹೊಗೆಯೇ ಭವಿಷ್ಯದ ಗುರುತು. ಸುಮಾರು ಎರಡು ತಲೆಮಾರು ಅದನ್ನು ನಂಬಿ ಬದುಕಿತು, ಮಕ್ಕಳನ್ನು ಓದಿಸಿತು. ಆಮೇಲೆ ಮಿಲ್ಲುಗಳು ಬಾಗಿಲು ಹಾಕಿದವು; ಡಿಸಿಎಂ ಟೌನ್‌ಶಿಪ್ ಎಂಬಂಥ ವಿಳಾಸಗಳಲ್ಲಿ ಮಾತ್ರ ಅವುಗಳ ಹೆಸರು ಉಳಿಯಿತು. ಅತ್ತ ಪಕ್ಕದ ಊರು ಹರಿಹರದಲ್ಲಿ 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಯಂತ್ರ ಕೊಟ್ಟ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲೇ ನಿಂತುಹೋಯಿತು.

ಎರಡನೇ ಸಲ 2016ರ ಜನವರಿಯಲ್ಲಿ. ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿ ಹೊರಬಿದ್ದಾಗ ಅದರಲ್ಲಿ ಕರ್ನಾಟಕದ ನಗರಗಳು ಎರಡೇ: ಬೆಳಗಾವಿ ಮತ್ತು ದಾವಣಗೆರೆ. ರಾಜಧಾನಿ ಬೆಂಗಳೂರಿಗೇ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಆಗ ಊರಿನ ಜನ ಎಷ್ಟು ಹೆಮ್ಮೆಪಟ್ಟರು ಎಂಬುದು ನೋಡಿದವರಿಗೇ ಗೊತ್ತು. ಹಳೇ ಊರಿನ ರಸ್ತೆಗಳು ಬದಲಾದವು, ಬಸ್ ನಿಲ್ದಾಣ ಹೊಸದಾಯಿತು, ಕ್ಯಾಮೆರಾಗಳೂ ಅವುಗಳನ್ನು ನೋಡುವ ನಿಯಂತ್ರಣ ಕೊಠಡಿಯೂ ಬಂದವು. 2025ರ ಮಾರ್ಚ್ 31ಕ್ಕೆ ಯೋಜನೆಯ ಅವಧಿ ಮುಗಿಯಿತು. ಆದದ್ದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಯೋಜನೆಯ ಮುಖ್ಯ ಕೆಲಸ ನಡೆದದ್ದು ಹಳೇ ಊರಿನ ಸುತ್ತ ಗುರುತಿಸಿದ ಪ್ರದೇಶದಲ್ಲಿ. ಊರು ಬೆಳೆಯುತ್ತಿದ್ದದ್ದು ಬೇರೆ ದಿಕ್ಕಿನಲ್ಲಿ.

ಹಾಗೆ ಬೆಳೆದ ಬಡಾವಣೆ ನಿಟ್ಟುವಳ್ಳಿಗೆ ಬನ್ನಿ. ಹೆಸರಿನಲ್ಲೇ ಹಳ್ಳಿಯಿದೆ, ದುರ್ಗಾಂಬಿಕೆಯ ಗುಡಿಯೂ ಜಾತ್ರೆಯೂ ಹಳ್ಳಿಯ ಕಾಲದವೇ. ಸುತ್ತ ಈಗ ಪೂರಾ ಪೇಟೆ. ಮಿಲ್ ಕಾರ್ಮಿಕರಿಗೂ ಅವರ ಮನೆಯವರಿಗೂ ಆಸರೆಯಾಗಿದ್ದ ಇಎಸ್ಐ ಆಸ್ಪತ್ರೆ ಇಲ್ಲಿದೆ, ಲೆನಿನ್ ನಗರ ಎಂಬ ಬಡಾವಣೆಯೂ ಇದೆ. ಸಿಪಿಐನ ಕಾರ್ಮಿಕ ನಾಯಕ ಪಂಪಾಪತಿಯವರನ್ನು 1978ರಿಂದ ಸತತ ಮೂರು ಚುನಾವಣೆಗಳಲ್ಲಿ ಶಾಸಕರಾಗಿ ಗೆಲ್ಲಿಸಿದ ಊರು ಇದು ಎಂಬುದು ಹೊಸ ಹುಡುಗರಿಗೆ ಮರೆತಿದ್ದರೂ ಓಣಿಗಳ ಹೆಸರುಗಳಿಗೆ ಮರೆತಿಲ್ಲ. ಹೊಲ ಸೈಟಾಗಿ, ಸೈಟು ಮನೆಯಾಗಿ, ಮನೆಯ ಮೇಲೊಂದು ಬಾಡಿಗೆ ಮನೆಯೆದ್ದು, ಅದರ ಮೇಲೆ ಸಿಂಟೆಕ್ಸ್ ಕೂತ ನಗರ ಇದು. ದಾವಣಗೆರೆಯ ಬಹುಪಾಲು ಜನ ಇಂಥ ಬಡಾವಣೆಗಳಲ್ಲೇ ಬದುಕುತ್ತಾರೆ. ಹಾಗಾಗಿ ಮೂರನೇ ಸಲ ನಾಳೆಯನ್ನು ಕಟ್ಟುವುದಾದರೆ ಲೆಕ್ಕ ಇಲ್ಲಿಂದ ಶುರುವಾಗಬೇಕು ಎಂಬುದು ನನ್ನ ವಾದ.

ಇಲ್ಲಿನ ಲೆಕ್ಕದಲ್ಲಿ ಮೊದಲು ಬರುವುದು ನೀರು. ಬೇಸಿಗೆಯಲ್ಲಿ ಅಕ್ಕಪಕ್ಕದ ಮನೆಯವರು ಎದುರಾದರೆ ಊಟ ಆಯ್ತಾ ಎನ್ನುವ ಮೊದಲು ಕೇಳುವುದು ‘ನೀರು ಬಿಟ್ರೇನ್ರೀ?’ ಎಂದು. ನೀರು ಬಿಡುವ ದಿನ ಮನೆಯಲ್ಲಿ ಒಬ್ಬರಾದರೂ ಉಳಿಯಬೇಕು. ನಲ್ಲಿ ಸುಯ್‌ಗುಟ್ಟಿ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಅದು ತಿಳಿಯಾದ ಮೇಲೆ ಸಂಪು, ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಬೇಕು. ಆ ಹೊತ್ತಿಗೆ ಕರೆಂಟು ಹೋದರೆ ಮೇಲಿನ ಮನೆಯವರಿಗೆ ನೀರಿಲ್ಲ. ಹೆಂಗಸರ ದಿನಗೂಲಿ, ಶಾಲೆ-ಕಾಲೇಜು ಎಲ್ಲವೂ ವಾಲ್‌ಮನ್ ಬರುವ ಹೊತ್ತಿಗೆ ಹೊಂದಿಕೊಳ್ಳಬೇಕು.

ಕಾರಣ ಸರಳ: ದಾವಣಗೆರೆಗೆ ನದಿಯಿಲ್ಲ, ನದಿಯಿರುವುದು ಹರಿಹರಕ್ಕೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರು ಇಲ್ಲಿಗೆ ಬರುತ್ತದೆ. ಜತೆಗೆ ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ತುಂಬಿಸಿಟ್ಟುಕೊಳ್ಳುತ್ತಾರೆ. ನಾಲೆಯ ನೀರು ಮುಖ್ಯವಾಗಿ ಭತ್ತದ ಗದ್ದೆಗೆ, ತೋಟಕ್ಕೆ. ಸರದಿ ಮುಗಿದು ನಾಲೆ ನಿಂತರೆ ಕೆರೆಯಲ್ಲಿ ಇದ್ದಷ್ಟೇ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ಮೇಲೆ ಬಂದ ಬೇಸಿಗೆಯಲ್ಲಿ ರೈತನ ಪೈರೂ ನಗರದ ಕೊಡವೂ ಒಂದೇ ಜಲಾಶಯದ ಕಡೆ ಮುಖ ಮಾಡಿ ನಿಂತವು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಊರುಗಳಿಗೆಂದು ಕೈಗೆತ್ತಿಕೊಂಡ ಕಾಮಗಾರಿ ಇಲ್ಲಿ ‘ಜಲಸಿರಿ’ ಎಂಬ ಹೆಸರಿನಲ್ಲಿ ಮನೆ ಮನೆಗೆ ಮೀಟರು ತಂದಿದೆ. ರಾಜನಹಳ್ಳಿಯಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜ್ ಕೂಡ ಅದರ ಭಾಗ. ಎಲ್ಲ ಓಣಿಗೂ ದಿನವಿಡೀ ನೀರು ಬರುವಂತಾದರೆ ನಾಳಿನ ನಗರದ ಅರ್ಧ ಕೆಲಸ ಆದಂತೆ ಎಂದೇ ನಾನು ನಂಬಿದ್ದೇನೆ. ಹಾರುವ ಕಾರು ಇಲ್ಲದೆ ಯಾರ ಶಾಲೆಯೂ ತಪ್ಪುವುದಿಲ್ಲ. ನೀರು ಹಿಡಿಯಲು ನಿಂತು ತಪ್ಪುತ್ತದೆ.

ಆ ನದಿಯ ಆರೋಗ್ಯ ಹೇಗಿದೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಮಲಿನ ನದಿಪಾತ್ರಗಳಲ್ಲಿ ಹರಿಹರದಿಂದ ಹರಳಹಳ್ಳಿ ಸೇತುವೆವರೆಗಿನ ತುಂಗಭದ್ರೆಯೂ ಇದೆ. ನಾವು ಮೇಲೆ ಕುಡಿಯುವ ನೀರನ್ನೇ ಕೆಳಗಿನವರಿಗೆ ಕೊಳೆಯಾಗಿಸಿ ಕಳಿಸುತ್ತಿದ್ದೇವೆ. ಶಿವಮೊಗ್ಗ, ಭದ್ರಾವತಿಯ ಕೊಳಚೆ ನಮ್ಮ ಕಡೆ ಬರುವಾಗ ನಾವು ದೂರುತ್ತೇವೆ. ಕೆಳಗಿನ ಊರುಗಳೂ ನಮ್ಮನ್ನು ದೂರಲು ಅಷ್ಟೇ ಹಕ್ಕುಳ್ಳವು.

ಇನ್ನು ದುಡಿಮೆ. ದಾವಣಗೆರೆಯ ಮಂಡಕ್ಕಿ ರಾಜ್ಯದ ಎಷ್ಟೋ ಊರುಗಳಿಗೆ ಹೋಗುತ್ತದೆ. ಅದು ತಯಾರಾಗುವ ಭಟ್ಟಿಯೊಳಗೆ ಕಾಲಿಟ್ಟರೆ ಮುಖಕ್ಕೆ ಬೆಂಕಿಯ ಝಳ ರಾಚುತ್ತದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕೊನೆಗೆ ಕಾದ ಮರಳಿಗೆ ಹಾಕಿದರೆ ಕಣ್ಣು ಮಿಟುಕಿಸುವುದರಲ್ಲಿ ಅರಳಿ ಮೇಲೆದ್ದು ಬರುತ್ತದೆ. ಜರಡಿಯಲ್ಲಿ ಮರಳು ಕೆಳಗಿಳಿದು ಬೆಳ್ಳಗಿನ ಮಂಡಕ್ಕಿ ಮೇಲೆ ಉಳಿಯುತ್ತದೆ. ಆ ಬೆಂಕಿಗೆ ಹಳೇ ಟೈರು ಹಾಕಿ ಉರಿಸಿದ ಹೊಗೆ ಮಾತ್ರ ಭಟ್ಟಿಯವರ ಎದೆಯಲ್ಲೂ ಸುತ್ತಲಿನ ಮಕ್ಕಳ ಎದೆಯಲ್ಲೂ ಉಳಿಯುತ್ತದೆ. ಸ್ಮಾರ್ಟ್ ಸಿಟಿ ಪ್ರಸ್ತಾವನೆಯಲ್ಲಿ ಈ ಭಟ್ಟಿಗಳ ಸುಧಾರಣೆಯೂ ಸೇರಿತ್ತು. ಅದು ಸರಿಯಾದ ಆಲೋಚನೆ, ಮತ್ತೆ ಕೈಗೆತ್ತಿಕೊಳ್ಳಬೇಕಾದದ್ದು. ಭಟ್ಟಿಯನ್ನು ಊರಾಚೆ ಅಟ್ಟುವುದು ಸುಲಭ. ದುಡಿಯುವವರು ಇದ್ದಲ್ಲೇ ಇದ್ದು, ಹೊಗೆ ಮಾತ್ರ ಹೋಗುವಂತೆ ಮಾಡುವುದು ಕಷ್ಟ, ಮಾಡಬೇಕಾದದ್ದೂ ಅದೇ. 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ ಊರೂರು ನಡೆದು ನೋಡಿ ಇದನ್ನೇ ವಾದಿಸಿದ್ದ: ಹಳೇ ಓಣಿಗಳನ್ನು ಸಾರಾಸಗಟಾಗಿ ಕೆಡವಬೇಡಿ, ತೀರಾ ಬೇಕಾದಷ್ಟನ್ನೇ ತೆಗೆದು ಗಾಳಿ ಬೆಳಕಿಗೆ ದಾರಿ ಮಾಡಿ, ಕೆರೆ ಮುಚ್ಚಬೇಡಿ.

ಮೂರನೆಯದು ಓಡಾಟ. 2011ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ಸುಮಾರು 4.35 ಲಕ್ಷ, ಹರಿಹರದ್ದು 83 ಸಾವಿರ. ನಡುವಿನ ದೂರ ಸುಮಾರು 14 ಕಿಲೋಮೀಟರ್. ನಡುವೆ ಸಿಗುವ ಬಾತಿಯ ಕಡೆ ನೋಡಿದರೆ ಆ ಅಂತರವೂ ತುಂಬುತ್ತಿದೆ. ನಗರಾಭಿವೃದ್ಧಿ ಪ್ರಾಧಿಕಾರದ ಹೆಸರೇ ‘ದಾವಣಗೆರೆ-ಹರಿಹರ’. ಅಂದರೆ ಕಾಗದದ ಮೇಲೆ ಇವು ಎಂದೋ ಜೋಡಿ ನಗರ. ನೆಲದ ಮೇಲೆ ಇನ್ನೂ ಅಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ಪಥದಲ್ಲಿ ‘ಚಿಗರಿ’ ಬಸ್ಸು ಓಡಿಸಿದರು. ಅದರಲ್ಲಿ ತಪ್ಪುಗಳೂ ಇವೆ, ಕಲಿಯಬೇಕಾದದ್ದೂ ಇದೆ. ನಮಗಂತೂ ಅಷ್ಟು ಖರ್ಚೂ ಬೇಕಿಲ್ಲ. ಎರಡೂ ಊರಿನ ಎದೆಯ ಮೇಲೇ ರೈಲು ಹಳಿಯಿದೆ, ಜೋಡಿ ಹಳಿಯೂ ವಿದ್ಯುತ್ತೂ ಬಂದಿವೆ, 2023ರ ಜೂನ್‌ನಿಂದ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತಿದೆ. ಬೆಂಗಳೂರಿಗೆ ಬೇಗ ತಲುಪುವ ಅನುಕೂಲ ಒಳ್ಳೆಯದೇ. ಆದರೆ ಹರಿಹರದಿಂದ ಕಾಲೇಜಿಗೆ, ಆಸ್ಪತ್ರೆಗೆ, ಮಂಡಿಗೆ ದಿನಾ ಬರುವವರಿಗೆ ಬೇಕಿರುವುದು ಅರ್ಧ ಗಂಟೆಗೊಂದು ಲೋಕಲ್ ರೈಲು.

2050ರ ಒಂದು ಏಪ್ರಿಲ್ ಬೆಳಗ್ಗೆ ನಿಟ್ಟುವಳ್ಳಿ ಹೇಗಿರಬಹುದು ಎಂದು ಊಹಿಸುತ್ತೇನೆ. ಬಿಸಿಲು ಇಂದಿಗಿಂತ ಹೆಚ್ಚೇ ಇರುತ್ತದೆ. ಆದರೆ ಹದಡಿ ರಸ್ತೆಯ ಎರಡೂ ಬದಿ ಹೊಂಗೆ, ಬೇವು ಬೆಳೆದು ಒಂದಕ್ಕೊಂದು ತಾಗಿವೆ. ಅಜ್ಜಿಯೊಬ್ಬಳು ಇಎಸ್ಐ ಆಸ್ಪತ್ರೆವರೆಗೆ ನೆರಳಲ್ಲೇ ನಡೆದುಹೋಗುತ್ತಾಳೆ, ಪಾದಚಾರಿ ದಾರಿಯಲ್ಲಿ ಎಲ್ಲೂ ಇಳಿಯಬೇಕಿಲ್ಲ, ಹತ್ತಬೇಕಿಲ್ಲ. ಮನೆಯ ಮೇಲೆ ಸಿಂಟೆಕ್ಸ್ ಇದ್ದ ಜಾಗದಲ್ಲಿ ಸೋಲಾರ್ ಹಲಗೆ, ಸಂಪಿಗೆ ಮಳೆನೀರು. ಬಚ್ಚಲಿನ ನೀರು ಬಡಾವಣೆಯ ಅಂಚಿನಲ್ಲೇ ಶುದ್ಧವಾಗಿ ಪಾರ್ಕಿಗೆ, ಮಿಕ್ಕಿದ್ದು ಗದ್ದೆಗೆ. ರಾಜಕಾಲುವೆ ತೆರೆದೇ ಇದೆ, ಅದರ ದಂಡೆ ಮಕ್ಕಳು ಸೈಕಲ್ ತುಳಿಯುವ ದಾರಿ. ಇದರಲ್ಲಿ ಯಾವುದಕ್ಕೂ ಇನ್ನೂ ಹುಟ್ಟಬೇಕಾದ ವಿಜ್ಞಾನ ಬೇಡ. ಬೇಕಾದದ್ದು ಜಾಗ. ಪಾರ್ಕಿಗೆ ಬಿಟ್ಟ ಜಾಗ ಪಾರ್ಕಾಗಿ, ಸಿ.ಎ. (ನಾಗರಿಕ ಸೌಲಭ್ಯ) ಸೈಟು ಶಾಲೆ-ಅಂಗನವಾಡಿಗೆ, ಕಾಲುವೆ ಕಾಲುವೆಯಾಗಿ ಉಳಿಯಬೇಕು. ಒಮ್ಮೆ ಅದರ ಮೇಲೆ ಮನೆ ಎದ್ದರೆ ಐವತ್ತು ವರ್ಷ ಯಾವ ಸರಕಾರವೂ ಅದನ್ನು ವಾಪಸು ತರಲಾರದು. ನಗರದ ಭವಿಷ್ಯ ನಿಜವಾಗಿ ನಿಗದಿಯಾಗುವುದು ಲೇಔಟ್ ನಕ್ಷೆಗೆ ಸಹಿ ಬೀಳುವ ದಿನ.

ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದ್ದು. ಮಹಾಯೋಜನೆಯ ಕರಡು ಪ್ರಕಟವಾದಾಗ ಯಾವ ನಾಗರಿಕನಾದರೂ ಆಕ್ಷೇಪಣೆ, ಸಲಹೆ ಕೊಡಬಹುದೆಂದು ಅದು ಹೇಳುತ್ತದೆ. ಸೈಟು ಇರುವವರು, ಲೇಔಟ್ ಮಾಡುವವರು ಆ ನಕ್ಷೆಯನ್ನು ಬಿಡದೆ ನೋಡುತ್ತಾರೆ. ಬಾಡಿಗೆ ಮನೆಯವರು, ಭಟ್ಟಿಯವರು, ನೀರು ಹಿಡಿಯುವವರು ನೋಡುವುದಿಲ್ಲ. ಮುಂದಿನ ಸಲ ನಗರಾಭಿವೃದ್ಧಿ ಪ್ರಾಧಿಕಾರದ (ದೂಡಾ) ಕಚೇರಿಯಲ್ಲಿ ಕರಡು ನಕ್ಷೆ ಹಾಕಿದಾಗ ದಯವಿಟ್ಟು ಹೋಗಿ ನೋಡಿ. ನಿಮ್ಮ ಓಣಿಯನ್ನು ಹುಡುಕಿ, ಹತ್ತಿರದ ಕಾಲುವೆ, ಕೆರೆ, ಪಾರ್ಕು ಅದರಲ್ಲಿ ಇವೆಯೇ ಎಂದು ಪರೀಕ್ಷಿಸಿ. ಇಲ್ಲದಿದ್ದರೆ ಕನ್ನಡದಲ್ಲೇ ಒಂದು ಅರ್ಜಿ ಬರೆದು ಕೊಟ್ಟು, ಸ್ವೀಕೃತಿ ಪಡೆದು ಬನ್ನಿ.