ಡಕೋಟಾ ಹಾರಿಸಿದವರ ಮನೆಯ ನಾಯಿಗಳು

ಬೆಂಗಳೂರಿನ ಜಕ್ಕೂರು ಎಂದರೆ ಇವತ್ತು ಫ್ಲೈಓವರ್, ಅಪಾರ್ಟ್‌ಮೆಂಟು, ಸಂಜೆ ಹೊತ್ತಿನ ಟ್ರಾಫಿಕ್ಕು. ಅದರ ನಡುವೆಯೂ ಅಲ್ಲಿನ ಹಳೆಯ ರನ್‌ವೇ ಉಳಿದುಕೊಂಡಿದೆ. ಆ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಕಲಿತು 1949ರಲ್ಲಿ ಪೈಲಟ್ ಆಗಿ ಹೊರಬಂದಾಗ ಉಷಾ ಸುಂದರಂ ಅವರಿಗೆ ಇಪ್ಪತ್ತೈದರ ಪ್ರಾಯ. ಮದುವೆಯಾಗಿ ಆಗಲೇ ಎಂಟು ವರ್ಷ ಕಳೆದಿತ್ತು. ಸ್ವಾತಂತ್ರ್ಯ ಬಂದ ಮೇಲೆ ವಿಮಾನ ಹಾರಿಸಿದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ನಾನು ಅವರ ಬೆನ್ನು ಹತ್ತಿದ್ದು ಮಾತ್ರ ನಾಯಿಗಳ ದೆಸೆಯಿಂದ.

ಹಾಗಿದ್ದರೂ ವಿಮಾನದ ಕಥೆ ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಗಂಡ ಕ್ಯಾಪ್ಟನ್ ವಿ. ಸುಂದರಂ ಟಾಟಾ ಕಂಪನಿಯ ಪೈಲಟ್. ದಂಪತಿ 1946ರಲ್ಲಿ ಬೆಂಗಳೂರಿಗೆ ಬಂದರು. ಕ್ಯಾಪ್ಟನ್ನರು ಮಹಾರಾಜ ಜಯಚಾಮರಾಜ ಒಡೆಯರ ವಿಮಾನ ಹಾರಿಸುವುದರ ಜೊತೆಗೆ ಮೈಸೂರು ಸರ್ಕಾರದ ವಿಮಾನಯಾನ ನಿರ್ದೇಶಕರೂ ಜಕ್ಕೂರು ಶಾಲೆಯ ಪ್ರಾಂಶುಪಾಲರೂ ಆದರು. ಉಷಾ ಅದೇ ಶಾಲೆಗೆ ಸೇರಿದರು. ಗಂಡನೇ ಪ್ರಾಂಶುಪಾಲರಾಗಿರುವ ಶಾಲೆಯಲ್ಲಿ ವಿದ್ಯಾರ್ಥಿನಿಯಾಗಿ ಪಾಸಾಗುವುದು ಎಷ್ಟು ಕಷ್ಟ ಎಂಬುದನ್ನು ಗಂಡನಿಂದ ಸ್ಕೂಟರ್ ಕಲಿತ ಯಾವ ಹೆಂಗಸಾದರೂ ಹೇಳಬಲ್ಲಳು. ಆಮೇಲೆ ಒಂದೇ ಕಾಕ್‌ಪಿಟ್ಟಿನಲ್ಲಿ ಗಂಡ ಒಂದು ಸೀಟಿನಲ್ಲಿ, ಹೆಂಡತಿ ಇನ್ನೊಂದರಲ್ಲಿ. ಹಿಂದೆ ಕೂತವರು ಯಾರೆಂದರೆ ಸರದಾರ ಪಟೇಲರು, ನೆಹರೂ, ರಾಜೇಂದ್ರ ಪ್ರಸಾದರು. ಸಂಸ್ಥಾನಗಳನ್ನು ಒಂದುಗೂಡಿಸಲು ಪಟೇಲರು ದೇಶ ಸುತ್ತುತ್ತಿದ್ದ ಕಾಲ ಅದು. ವಿಲೀನದ ಕಥೆ ಹೇಳುವಾಗ ಸರದಾರರ ಹೆಸರಿನ ಜೊತೆಗೆ ಅವರ ಕಾರ್ಯದರ್ಶಿ ವಿ.ಪಿ. ಮೆನನ್ನರ ಹೆಸರನ್ನೂ ನೆನೆಯುತ್ತೇವೆ. ಸರದಾರರನ್ನು ಹೊತ್ತುಕೊಂಡು ಹೋದ ಡಕೋಟಾ ವಿಮಾನದ ಚುಕ್ಕಾಣಿಯ ಮೇಲೆ ಒಬ್ಬಾಕೆಯ ಕೈ ಇತ್ತು ಎಂಬುದನ್ನು ಮೇಷ್ಟ್ರುಗಳು ಹೇಳಿಕೊಡಲಿಲ್ಲ.

1951ರಲ್ಲಿ ಮದರಾಸು ಸರ್ಕಾರಕ್ಕೆ ಒಂದು ಹೊಸ ವಿಮಾನ ಬೇಕಾಯಿತು. ಡಿ ಹ್ಯಾವಿಲ್ಯಾಂಡ್ ಡವ್ ಎಂಬ ಎರಡು ಎಂಜಿನ್ನಿನ ಚಿಕ್ಕ ವಿಮಾನ. ದಂಪತಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ, ವಿಮಾನ ವಹಿಸಿಕೊಂಡು, ತಾವೇ ಹಾರಿಸಿಕೊಂಡು ಬಂದರು. ಭಾರತ ತಲುಪಲು ತೆಗೆದುಕೊಂಡದ್ದು 27 ಗಂಟೆ. ಅಂಥ ಪಿಸ್ಟನ್ ಎಂಜಿನ್ನಿನ ವಿಮಾನಗಳ ಮಟ್ಟಿಗೆ ಅದೊಂದು ದಾಖಲೆ ಎನ್ನುತ್ತಾರೆ. ಆ ಬಗೆಯ ವಿಮಾನಗಳೇ ಈಗ ಮೂಲೆ ಸೇರಿರುವುದರಿಂದ ದಾಖಲೆ ಮುರಿಯಲು ಯಾರಿಗೂ ಅವಸರವಿಲ್ಲ.

ಇನ್ನು ನಾಯಿಗಳ ಕಥೆ. 1959, ದಂಪತಿ ಆ ಹೊತ್ತಿಗೆ ನೆಲೆಸಿದ್ದ ಮದರಾಸು, ಭಾರೀ ಮಳೆ. ರಸ್ತೆಯಲ್ಲೇ ನೀರು ಹರಿಯುತ್ತಿತ್ತು. ಆ ನೀರಿನಲ್ಲಿ ಎರಡು ನಾಯಿಮರಿಗಳು ಮುಳುಗೇಳುತ್ತಿದ್ದುದನ್ನು ಕಂಡ ಕ್ಯಾಪ್ಟನ್ನರು ಎತ್ತಿಕೊಂಡು ಮನೆಗೆ ತಂದರು. ಉಷಾ, ಮೂವರು ಮಕ್ಕಳು, ಎರಡು ಮರಿ. ಆ ಮನೆಗೆ ನಾಯಿ ತಂದರೆ ಬೇಡ ಅನ್ನುವುದಿಲ್ಲ ಎಂಬ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು! ಗಾಯಗೊಂಡವು, ಬಿಟ್ಟುಹೋದವು, ಕುಂಟುವವು ಬರತೊಡಗಿದವು. ಹೀಗೆ ಸಂಸಾರವೊಂದು ಮನೆಯೊಳಗೇ ನಡೆಸಿದ ಆಸ್ಪತ್ರೆಯೇ ಬ್ಲೂ ಕ್ರಾಸ್ ಆಫ್ ಇಂಡಿಯಾ. ರೀತಿಪ್ರಕಾರ ನೋಂದಣಿಯಾದದ್ದು 1964ರಲ್ಲಿ. ಇವತ್ತು ಅದು ದೇಶದ ದೊಡ್ಡ ಪ್ರಾಣಿದಯಾ ಸಂಸ್ಥೆಗಳಲ್ಲಿ ಒಂದು.

ಈ ಕಥೆಯನ್ನು ದಕ್ಷಿಣ ಕನ್ನಡದ ನಮ್ಮೂರು ಕನ್ಯಾನದಲ್ಲಿ, ನಮ್ಮ ಬೈಲಿನ ಒಬ್ಬ ಅಕ್ಕನಿಗೆ ಹೇಳಿದೆ. ಅವರೂ ನಾಯಿ ಸಾಕಿದವರು. ಸಾಕಿದವರು ಎನ್ನುವುದಕ್ಕಿಂತ, ನಾಯಿಗಳು ಅವರ ಅಂಗಳವನ್ನು ಆರಿಸಿಕೊಂಡವು ಎನ್ನುವುದು ಸರಿ. ಪಟೇಲರು, ನೆಹರೂ, ಇಂಗ್ಲೆಂಡ್ ಎಲ್ಲ ಕೇಳಿಸಿಕೊಂಡು, ಅಡಿಕೆ ಸುಲಿಯುತ್ತಿದ್ದ ಕೈ ನಿಲ್ಲಿಸದೆ ಅವರು ಕೇಳಿದ್ದು ಒಂದೇ: "ಅಷ್ಟು ನಾಯಿಗಳಿಗೆ ಅನ್ನ ಬೇಯಿಸಿದ್ದು ಯಾರು ಮಾರಾಯ್ರೆ?"

ಸಂಸ್ಥೆಗಳ ಚರಿತ್ರೆ ಬರೆಯುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. ಸ್ಥಾಪನೆಯ ವರ್ಷ, ಪದಾಧಿಕಾರಿಗಳು, ಪ್ರಶಸ್ತಿ ಎಲ್ಲ ಅಚ್ಚಾಗುತ್ತವೆ. ಮುಸುರೆ ಯಾರು ತಿಕ್ಕಿದರು, ಭೇದಿಯಾದ ಮರಿಯನ್ನು ರಾತ್ರಿ ಯಾರು ಒರೆಸಿದರು ಎಂಬುದು ಅಚ್ಚಾಗುವುದಿಲ್ಲ. ಅಕ್ಕನ ಅಂಗಳದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕುಚ್ಚಲಕ್ಕಿ ಗಂಜಿಯ ತಿಳಿ ಬಸಿದು, ಅಗುಳಿಗೆ ಬಂಗುಡೆಯ ತಲೆ ಬೇಯಿಸಿದ ನೀರು ಕಲಸಿ, ತಳ ಒಡೆದ ಅಲ್ಯೂಮಿನಿಯಂ ತಟ್ಟೆಗಳಲ್ಲಿ ದೂರ ದೂರ ಇಡುತ್ತಾರೆ. ಹತ್ತಿರ ಇಟ್ಟರೆ ಜಗಳ. ಮುದಿನಾಯಿಗೆ ಮುಳ್ಳು ತೆಗೆದು ಕೊಡಬೇಕು. ಮರಿ ಹಾಕಿದ್ದಕ್ಕೆ ಎರಡು ಸೌಟು ಹೆಚ್ಚು. ಬಾವಿಕಟ್ಟೆಯ ಹತ್ತಿರ ಕಾಯುವ ಕರಿಯ ಎಲ್ಲರದ್ದೂ ಮುಗಿದ ಮೇಲೆಯೇ ಬಾಯಿ ಹಾಕುತ್ತದೆ, ಅದರ ಪಾಲು ಮೊದಲೇ ತೆಗೆದಿಡಬೇಕು. ಸೊಸೆಗೆ ಇದೆಲ್ಲ ಒಪ್ಪಿಸಿ ಮಗಳ ಮನೆಗೆ ಹೋಗುವುದೆಂದರೆ ಅಕ್ಕನಿಗೆ ದೊಡ್ಡ ಚಿಂತೆ. ಹೋದರೂ ಸಂಜೆಗೆ ಫೋನ್ ಬರುತ್ತದೆ, "ಕರಿಯ ಉಂಡಿತಾ?" ಮೊಮ್ಮಗನ ಪರೀಕ್ಷೆಯ ವಿಚಾರ ಅದಾದ ಮೇಲೆ.

ಸುಂದರಂ ಅವರ ಮನೆಯಿಂದ ಹೊರಬಿದ್ದದ್ದು ಬರೀ ಕರುಣೆಯಾಗಿದ್ದರೆ ಅವರ ಹೆಸರು ಅವರ ಬೀದಿಯಲ್ಲೇ ಉಳಿಯುತ್ತಿತ್ತೇನೋ. ಅಲ್ಲಿ ಒಂದು ಲೆಕ್ಕಾಚಾರವೂ ಹುಟ್ಟಿತು. ಮದರಾಸು ಕಾರ್ಪೊರೇಷನ್ 1860ರ ಹೊತ್ತಿನಿಂದ ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಲೇ ಬಂದಿತ್ತು. ವಿದ್ಯುತ್ ಹಾಯಿಸಿ ಕೊಲ್ಲುವುದು ನಡೆದಿತ್ತು. ಕೊನೆಕೊನೆಗೆ ಕೆಲವು ದಿನ ಲೆಕ್ಕ 135ಕ್ಕೂ ಏರುತ್ತಿತ್ತು. ನೂರು ವರ್ಷ ಕೊಂದರೂ ನಾಯಿಗಳೂ ಕಡಿಮೆಯಾಗಲಿಲ್ಲ, ರೇಬಿಸ್ ಸಾವೂ ನಿಲ್ಲಲಿಲ್ಲ. ಸುಂದರಂ ದಂಪತಿಯ ಮಗ ಚಿನ್ನಿ ಕೃಷ್ಣ ಎಂಜಿನಿಯರ್. ಲೆಕ್ಕ ಹೀಗಿತ್ತು: ಕೊಂದಷ್ಟೂ ಜಾಗ ಖಾಲಿಯಾಗುತ್ತದೆ, ಖಾಲಿ ಜಾಗಕ್ಕೆ ಪಕ್ಕದ ಬೀದಿಯ ನಾಯಿ ಬರುತ್ತದೆ, ಉಳಿದವು ವರ್ಷಕ್ಕೆ ಎರಡು ಸಲ ಬೆದೆಗೆ ಬಂದು ಸಂಖ್ಯೆ ತುಂಬಿಸುತ್ತವೆ. ಆದ್ದರಿಂದ ಆಪರೇಶನ್ ಮಾಡಿ, ಚುಚ್ಚುಮದ್ದು ಹಾಕಿ, ಎಲ್ಲಿ ಹಿಡಿದಿರೋ ಅಲ್ಲೇ ಬಿಡಿ ಎಂಬುದು ಬ್ಲೂ ಕ್ರಾಸಿನ ವಾದ. 1964ರಲ್ಲಿ ಅವರು ಇದನ್ನು ಮುಂದಿಟ್ಟರು. ಎಬಿಸಿ, ಅಂದರೆ ಅನಿಮಲ್ ಬರ್ತ್ ಕಂಟ್ರೋಲ್, ಎಂದು ಹೆಸರಿಟ್ಟರು. ಅಕ್ಷರಮಾಲೆಯಷ್ಟು ಸುಲಭದ ಆ ಮಾತು ಕಾರ್ಪೊರೇಷನ್ನಿಗೆ ಮನದಟ್ಟಾದದ್ದು 1996ರಲ್ಲಿ. ಮೂವತ್ತೆರಡು ವರ್ಷ! ಇಂಗ್ಲೆಂಡಿನಿಂದ 27 ಗಂಟೆಯಲ್ಲಿ ಬಂದಿಳಿದವರು ನಗರಪಾಲಿಕೆಯ ಮೇಜು ದಾಟಲು ಅಷ್ಟು ಕಾಲ ಕಾದರು. ಮರುವರ್ಷ, 1997ರಲ್ಲಿ ಕ್ಯಾಪ್ಟನ್ ತೀರಿಕೊಂಡರು.

2001ರಲ್ಲಿ ಕೇಂದ್ರ ಸರ್ಕಾರ ಇದನ್ನೇ ನಿಯಮವಾಗಿ ಹೊರಡಿಸಿತು, 2023ರಲ್ಲಿ ಪರಿಷ್ಕರಿಸಿತು. ಕೆಲಸ ನಡೆಯುವ ಬಗೆ ಹೀಗೆ: ನಾಯಿಯನ್ನು ಬಲೆಯಿಂದಲೋ ಕೈಯಿಂದಲೋ ಹಿಡಿದು, ಯಾವ ರಸ್ತೆ, ಯಾವ ಅಂಗಡಿಯ ಮುಂದೆ ಎಂದು ಬರೆದುಕೊಳ್ಳುತ್ತಾರೆ. ಹೊಟ್ಟೆ ಖಾಲಿ ಇರಿಸಿ ಅರಿವಳಿಕೆ ಕೊಡುತ್ತಾರೆ. ಹೆಣ್ಣಾದರೆ ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆಯುತ್ತಾರೆ. ರೇಬಿಸ್ ಲಸಿಕೆ ಹಾಕುತ್ತಾರೆ. ಮತ್ತೆ ಹಿಡಿಯದೆ ದೂರದಿಂದಲೇ ಆಪರೇಶನ್ ಆದದ್ದು ತಿಳಿಯಲಿ ಎಂದು ಕಿವಿಯ ತುದಿಯಲ್ಲಿ ಒಂದು ಕಚ್ಚು ಮಾಡುತ್ತಾರೆ. ಕೆಲವು ದಿನ ಗೂಡಿನಲ್ಲಿರಿಸಿಕೊಂಡು, ಗಾಯ ಮಾಗಿದ ಮೇಲೆ ಅದೇ ಅಂಗಡಿಯ ಮುಂದೆ ತಂದು ಬಿಡುತ್ತಾರೆ. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಲಸಿಕೆ ತಲುಪಿದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಚ್ಚಿಸಿಕೊಂಡವರ ಸಿಟ್ಟು ಸುಳ್ಳಲ್ಲ. ಶಾಲೆಗೆ ಹೋಗುವ ಮಗುವಿನ ಕಾಲಿಗೆ ನಾಯಿ ಬಾಯಿ ಹಾಕಿದ ಮನೆಯಲ್ಲಿ ಯಾವ ಲೆಕ್ಕಾಚಾರವೂ ರುಚಿಸುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಎಂದಿತು. ಹನ್ನೊಂದು ದಿನಗಳಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಆಪರೇಶನ್ ಮತ್ತು ಲಸಿಕೆ ಆದವನ್ನು ಮರಳಿ ಬಿಡಿ, ರೇಬಿಸ್ ಇರುವ ಅಥವಾ ಮೈಮೇಲೆ ಬೀಳುವ ನಾಯಿಗಳನ್ನು ಬಿಡಬೇಡಿ ಎಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದವನ್ನು ಅಲ್ಲಿಗೇ ತಂದು ಬಿಡಕೂಡದು ಎಂಬ ಆದೇಶವೂ ಬಂತು. ವಾದ ನಡೆಯಲಿ. ನನಗೆ ಕಾಣುವುದು ಬೇರೆ ಒಂದು ಸಂಗತಿ, ಅದು ನಮ್ಮ ಕಡೆಯದು.

ಕನ್ಯಾನ, ವಿಟ್ಲ, ಕೇರಳದ ಗಡಿಯಾಚೆಯ ಬಾಯಾರು, ಎಲ್ಲ ಕಡೆ ನಾಯಿ ಬೇಕು. ತೋಟಕ್ಕೆ ಮಂಗ, ಹಂದಿ. ರಾತ್ರಿ ಅಂಗಳದಲ್ಲಿ ಒಂದು ಬೊಗಳು ಕೇಳದಿದ್ದರೆ ನಿದ್ದೆ ಬಾರದು. ಆದರೆ ಬೇಕಾದದ್ದು ಗಂಡುನಾಯಿ. ಹೆಣ್ಣುಮರಿ ಯಾರಿಗೂ ಬೇಡ. ಕಣ್ಣು ಬಿಟ್ಟ ಕೆಲವೇ ದಿನಗಳಲ್ಲಿ ಅವು ಗೋಣಿಚೀಲ ಸೇರುತ್ತವೆ, ಚೀಲ ಮೀನು ಮಾರ್ಕೆಟಿನ ಹಿಂದೆಯೋ ಗುಡ್ಡದ ತಿರುವಿನಲ್ಲೋ ಬಾಯಿ ಬಿಚ್ಚಿಕೊಳ್ಳುತ್ತದೆ. ಪೇಟೆಯಲ್ಲಿ ನಾಯಿ ಹೆಚ್ಚಾಯಿತು ಎಂದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಮಾತಾಡುವವರ ಮನೆಯ ಗೋಣಿಯೂ ಅದರಲ್ಲಿರುತ್ತದೆ. ಆಪರೇಶನ್ ಎಂಬುದು ಊರಿನ ನಾಯಿ ಕಡಿಮೆ ಮಾಡುವ ಉಪಾಯವಷ್ಟೇ ಎಂದುಕೊಂಡಿದ್ದೇವೆ. ಹೆಣ್ಣುಮರಿಗೂ ಒಂದು ಮನೆ ಸಿಗುವಂತೆ ಮಾಡುವುದೂ ಅದೇ. ಮರಿ ಹಾಕುವುದಿಲ್ಲ ಎಂದಾದರೆ ಅದನ್ನು ಅಂಗಳಕ್ಕೆ ಬಿಟ್ಟುಕೊಳ್ಳಲು ಯಾರ ತಕರಾರು?

ಮಂಗಳೂರಿನಲ್ಲಿ ಈ ಕೆಲಸ ನಡೆಯುತ್ತದೆ. ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ನಗರದ ನಾಯಿಗಳಿಗೆ ಆಪರೇಶನ್ ಮಾಡಿದೆ. ಹಂಪನಕಟ್ಟೆಯಲ್ಲಿ ಇಳಿದರೆ ಕಿವಿ ಕಚ್ಚಿನ ನಾಯಿಗಳು ಕಾಣಸಿಗುತ್ತವೆ. ವಿಟ್ಲ ದಾಟಿದ ಮೇಲೆ ಅಂಥ ಕಿವಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅನಾಥರಿಗೆ, ವೃದ್ಧರಿಗೆ ಆಸರೆಯಾದ ಭಾರತ ಸೇವಾಶ್ರಮ ಇರುವ ಊರು ನಮ್ಮದು. ಇಲ್ಲಿನ ಜನಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಪಂಚಾಯಿತಿ ವರ್ಷಕ್ಕೆ ಎರಡು ಶಿಬಿರ ಇಟ್ಟು ಒಬ್ಬ ವೈದ್ಯರನ್ನು ಕರೆಸಿದರೂ ಸಾಕಿತ್ತು.

ಉಷಾ ಸುಂದರಂ 2010ರಲ್ಲಿ ತೀರಿಕೊಂಡರು. ಅವರು ಹಾರಿದ್ದರ ಬಗ್ಗೆ ಆಗೀಗ ಪತ್ರಿಕೆಗಳಲ್ಲಿ ಬರುತ್ತದೆ, ಹಳೆಯ ಫೋಟೊದ ಜೊತೆ.

ಅಕ್ಕನ ಹೆಣ್ಣುನಾಯಿ ಈ ವರ್ಷ ಐದು ಹಾಕಿದೆ, ಮೂರು ಹೆಣ್ಣು. ಮಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಶನ್ ಮಾಡಿಸುವ ಎಂದೆ. ಐವತ್ತು ಕಿಲೋಮೀಟರಿನ ದಾರಿ, ಬಸ್ಸಿನಲ್ಲಿ ನಾಯಿಯನ್ನು ಕರೆದುಕೊಂಡು ಹೋಗುವುದು ಸುಲಭವಲ್ಲ. ಬಾಡಿಗೆ ಜೀಪಿಗೆ ಎಷ್ಟಾಗ್ತದೆ ಎಂದು ಬೆರಳು ಮಡಚಿ ಲೆಕ್ಕ ಹಾಕಿದರು. "ಅಡಿಕೆ ಕೊಯ್ಲು ಒಂದು ಮುಗಿಯಲಿ, ನೋಡುವ," ಎಂದರು. ಕೊಯ್ಲು ಮುಗಿಯುವಷ್ಟರಲ್ಲಿ ಅದು ಮತ್ತೆ ಬೆದೆಗೆ ಬಂದಿರುತ್ತದೆ. ಅಕ್ಕನಿಗೂ ಅದು ಗೊತ್ತುಂಟು.