ಇಸ್ಪೀಟಿನ ಎಲೆಗಳೂ ಮಕ್ಕಳ ಸಂಖ್ಯಾಜ್ಞಾನವೂ

ಇಸ್ಪೀಟು ಎಂದೊಡನೆ ಜೂಜನ್ನು ನೆನೆಯುವುದು ನಮ್ಮ ಮನೆಗಳಲ್ಲಿ ವಾಡಿಕೆ. ಈ ಅಪಖ್ಯಾತಿ ಪಣಕ್ಕೆ ಸಲ್ಲತಕ್ಕದ್ದೇ ಹೊರತು ಎಲೆಗಳಿಗಲ್ಲ. ಎಳೆಯ ಮಕ್ಕಳ ಸಂಖ್ಯಾಶಿಕ್ಷಣಕ್ಕೆ ಈ ಎಲೆಗಳಿಂದ ಒದಗುವ ನೆರವನ್ನು ಇಲ್ಲಿ ವಿಚಾರಿಸುತ್ತೇವೆ.

ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ ಏಳು ದೊಡ್ಡದೋ ಒಂಬತ್ತು ದೊಡ್ಡದೋ ತಿಳಿದಿರುತ್ತದೆಂದು ಭಾವಿಸಲಾಗದು. ಎಣಿಕೆಯ ಕ್ರಮ ಬೇರೆ, ಪ್ರಮಾಣದ ಅರಿವು ಬೇರೆ. ಇಸ್ಪೀಟಿನ ಎಲೆ ಈ ಎರಡನ್ನೂ ಕೂಡಿಸುತ್ತದೆ: ಏಳರ ಎಲೆಯಲ್ಲಿ 7 ಎಂಬ ಅಂಕಿಯೂ ಉಂಟು, ಎಣಿಸಿ ನೋಡಲು ಏಳು ಗುರುತುಗಳೂ ಉಂಟು. ರಾಜ, ರಾಣಿ, ಗುಲಾಮರನ್ನು ತೆಗೆದಿರಿಸಿ, ಎಕ್ಕವನ್ನು ಒಂದೆಂದು ಎಣಿಸಿದರೆ 40 ಎಲೆಗಳು ದೊರೆಯುತ್ತವೆ. ಇಬ್ಬರು ಮಕ್ಕಳು ಅವುಗಳನ್ನು ಸಮನಾಗಿ ಹಂಚಿಕೊಂಡು, ಕವುಚಿಟ್ಟ ರಾಶಿಯಿಂದ ಒಂದೊಂದನ್ನು ಮಗುಚುತ್ತಾರೆ. ದೊಡ್ಡ ಸಂಖ್ಯೆ ಬಂದವರು ಎರಡನ್ನೂ ಗೆಲ್ಲುತ್ತಾರೆ. ಆಟವಿಷ್ಟೇ.

ಅಮೆರಿಕದಲ್ಲಿ ಸ್ಕಲೀಸ್, ಡೌಬರ್ಟ್ ಮತ್ತು ಗೀತಾ ರಮಣಿ ಅವರು ಬಡ ಕುಟುಂಬಗಳ ಮಕ್ಕಳನ್ನು ಕುರಿತು ನಡೆಸಿ 2017ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಹೀಗೆ ಹೋಲಿಸುವ ಆಟವಾಡಿದ ಮಕ್ಕಳು ಅಂಕಿಗಳ ಹಿರಿದು-ಕಿರಿದನ್ನು ಗುರುತಿಸುವುದರಲ್ಲಿ ಮುಂದುವರಿದರು. ಸಮಾನ ಸಂಖ್ಯೆಗಳನ್ನು ಜೋಡಿಸುವ ಆಟವಾಡಿದವರಲ್ಲಿ ಅಷ್ಟು ಪ್ರಗತಿ ಕಾಣಲಿಲ್ಲ. ಆದುದರಿಂದ ಎಲೆಗಳು ಕೈಯಲ್ಲಿದ್ದರೆ ಸಾಲದು. ಆಟದ ನಿಯಮ ಮಗುವಿನಿಂದ ಯಾವ ವಿಚಾರವನ್ನು ಬೇಡುತ್ತದೆಂಬುದೇ ಮುಖ್ಯ.

ಪಿಯಾಜೆಯವರ ಶಿಷ್ಯಪರಂಪರೆಯ ಕಾನ್‌ಸ್ಟನ್ಸ್ ಕಮಿಯವರು 1985ರ ತಮ್ಮ ಗ್ರಂಥದಲ್ಲಿ ಒಂದನೆಯ ತರಗತಿಯ ಅಂಕಗಣಿತಕ್ಕೇ ಇಂಥ ಆಟಗಳನ್ನು ಆಧಾರವಾಗಿಸಿದರು. ಒಬ್ಬೊಬ್ಬರೂ ಎರಡೆರಡು ಎಲೆ ಮಗುಚಿ ಮೊತ್ತಗಳನ್ನು ಹೋಲಿಸುವುದು ಇದರ ಮುಂದಿನ ಮೆಟ್ಟಿಲು. ಒಬ್ಬಳಿಗೆ 6 ಮತ್ತು 3, ಎದುರಾಳಿಗೆ 6 ಮತ್ತು 2 ಬಂದಿವೆಯೆನ್ನೋಣ. ಜಾಣೆಯಾದವಳು ಕೂಡುವುದೇ ಇಲ್ಲ. ಆರು ಎರಡೂ ಕಡೆ ಇರುವುದನ್ನು ಕಂಡು, ಮೂರನ್ನೂ ಎರಡನ್ನೂ ಮಾತ್ರ ಹೋಲಿಸಿ ಎಲೆಗಳನ್ನು ಬಾಚಿಕೊಳ್ಳುತ್ತಾಳೆ. "ಕೂಡಿ ಹೇಳು" ಎಂದು ಇಲ್ಲಿ ಗದರುವ ಉಪಾಧ್ಯಾಯರು ಉತ್ತಮವಾದ ತರ್ಕವೊಂದನ್ನು ಚಿವುಟಿದಂತಾಗುತ್ತದೆ. 7 ಮತ್ತು 2ರ ಎದುರು 5 ಮತ್ತು 4 ಬಂದಾಗ ಏಳುವ ಜಗಳವಂತೂ ಬೆಲೆಯುಳ್ಳದ್ದು. ಅದನ್ನು ಮಕ್ಕಳೇ ಬಗೆಹರಿಸಿಕೊಳ್ಳುವಂತೆ ಬಿಡಬೇಕೆಂದು ನಾವು ಭಾವಿಸುತ್ತೇವೆ.

ಇಸ್ಪೀಟನ್ನು ಒಲ್ಲದ ಮನೆಗಳಲ್ಲಿ ರಟ್ಟಿನ ಚೂರುಗಳ ಮೇಲೆ ಅಂಕಿಯನ್ನೂ ಅಷ್ಟೇ ಚುಕ್ಕೆಗಳನ್ನೂ ಬರೆದುಕೊಂಡರಾಯಿತು. ಆಟ ಮುಗಿದಾಗ ಗೆದ್ದವರಾರೆಂಬುದನ್ನು ಹಿರಿಯರು ಸಾರಬಾರದು. ಚೆದರಿ ಬಿದ್ದ ರಾಶಿಯೇ ದೊಡ್ಡದೆಂದು ಮಗು ವಾದಿಸಬಹುದು. ಆಗ ಇಬ್ಬರೂ ತಮ್ಮ ಎಲೆಗಳನ್ನು ಒಂದಕ್ಕೊಂದು ಎದುರಾಗಿ ಸಾಲಿಡಲಿ.