ಸರೋವರದ ಹಗಲೂ ಇರುಳೂ

ಸರೋವರದಲ್ಲಿ ಮೀನಿನ ಮೇವೆಷ್ಟಿದೆಯೆಂದು ತಿಳಿಯಲು ನಾವು ಸಣ್ಣ ಕಣ್ಣಿನ ಬಲೆಯನ್ನು ಮೇಲ್ನೀರಿನಲ್ಲಿ ಎಳೆದು, ಸಿಕ್ಕ ಕಿರುಜೀವಿಗಳನ್ನು ಎಣಿಸುತ್ತೇವೆ. ಆ ಎಣಿಕೆ ಹಗಲಿನದೊ ಇರುಳಿನದೊ ಎಂದು ಕೇಳದೆ ಅದನ್ನು ನಂಬಲಾಗದು.

ಯೂರೋಪಿನ ಕಾನ್‌ಸ್ಟೆನ್ಸ್ ಸರೋವರದಲ್ಲಿ ಡ್ಯಾಫ್ನಿಯ ಎಂಬ, ಸೀಗಡಿಯ ದೂರದ ನಂಟನಾದ ಜೀವಿಯ ಎರಡು ಜಾತಿಗಳುಂಟು. ಬೇಸಗೆಯಲ್ಲಿ ಹಯಲಿನ ಜಾತಿಯು ಹಗಲೆಲ್ಲ ಆಳದ ಮಬ್ಬಿನಲ್ಲಿದ್ದು ಸಂಜೆಗೆ ಮೇಲೇರುತ್ತದೆ. ಇರುಳಿನ ಬಲೆಗೆ ಹೇರಳವಾಗಿ ಬೀಳುವ ಅದು ಹಗಲಿನ ಬಲೆಗೆ ಅಪರೂಪ. ಗೇಲಿಯೇಟ ಜಾತಿಯಾದರೊ ಎರಡು ಹೊತ್ತೂ ಮೇಲೆಯೇ.

ಬೆಚ್ಚನೆಯ ನೀರೂ ಮೇಯಲು ಪಾಚಿಯೂ ಮೇಲಿರುವಾಗ ಆಳಕ್ಕಿಳಿಯುವುದು ನಷ್ಟದ ವ್ಯಾಪಾರವೇ ಸರಿ. ತಣ್ಣೀರಿನಲ್ಲಿ ಮೊಟ್ಟೆಗಳು ತಡವಾಗಿ ಬಲಿಯುತ್ತವೆ. ಆದರೆ ಮೀನು ಕಣ್ಣಿನಿಂದ ಕಂಡು ಬೇಟೆಯಾಡುವ ಪ್ರಾಣಿ. ಆಳಕ್ಕಿಳಿದದ್ದು ಊಟ ಬಿಟ್ಟು ಪ್ರಾಣ ಉಳಿಸಿಕೊಳ್ಳುತ್ತದೆ. ಇಳಿಯದ್ದು ಬೇಗಬೇಗ ಮರಿಹಾಕಿ, ಮೀನು ತಿಂದುದನ್ನು ತುಂಬಿಕೊಳ್ಳುತ್ತದೆ. ಷ್ಟಿಖ್ ಮತ್ತು ಲಾಂಪೆರ್ಟ್ ಎಂಬ ವಿದ್ವಾಂಸರು 1981ರಲ್ಲಿ ಇದನ್ನು ಪ್ರಕಟಿಸಿದರು. ಎರಡರಲ್ಲಿ ಜಾಣ ಯಾವುದೆಂದು ನಾವು ತೀರ್ಪು ಕೊಡಲಾರೆವು.

ಮೀನಿನ ಭಯವೇ ಕಾರಣವೆಂಬುದಕ್ಕೆ ಪೋಲೆಂಡಿನ ತಾತ್ರ ಬೆಟ್ಟಗಳ ಸರೋವರಗಳು ಸಾಕ್ಷಿ. ಕೆಲವದರಲ್ಲಿ ಮೀನು ಎಂದೂ ಇರಲಿಲ್ಲ. ಕೆಲವಕ್ಕೆ ಮನುಷ್ಯರು ತಂದು ಬಿಟ್ಟರು. ಕೆಲವದರಲ್ಲಿ ಸಾವಿರಾರು ವರ್ಷಗಳಿಂದ ಇದೆ. ಸೈಕ್ಲಾಪ್ಸ್ ಎಂಬ ಇನ್ನೊಂದು ಕಿರುಜೀವಿಯನ್ನು ಈ ಸರೋವರಗಳಲ್ಲೆಲ್ಲ ಹೋಲಿಸಿ ಗ್ಲಿವಿಚ್ 1986ರಲ್ಲಿ ಬರೆದರು: ಮೀನಿಲ್ಲದೆಡೆ ಅದು ಹಗಲಿರುಳಿನ ಏರಿಳಿತವನ್ನೇ ಅರಿಯದು, ಮೀನಿನ ವಾಸ ಹಳೆಯದಾದಷ್ಟೂ ಏರಿಳಿತವು ದೊಡ್ಡದು.